ಭಾವನ ಹುಲ್ಲು, ನನ್ನ ಮ್ಯಾಟು

ನನ್ನ ಶೆಡ್ಡು ಖಾಲಿ ಮಾಡಿಸಲೇಬೇಕೆಂದು ಭಾವ ಮೂರು ವರ್ಷದಿಂದ ಹಟ ಹಿಡಿದಿದ್ದ. ಭಾವ ಎಂದರೆ ನನ್ನ ಹೆಂಡತಿಯ ಅಣ್ಣ, ನನಗಿಂತ ಎಂಟೇ ತಿಂಗಳು ದೊಡ್ಡವನು. ಇಬ್ಬರೂ ಒಂದೇ ಗಾಲ್ಫ್ ಮೈದಾನದಲ್ಲಿ ಕೆಲಸಕ್ಕಿದ್ದೇವೆ. ಅವನದು ಹುಲ್ಲಿನ ಕೆಲಸ. ಹುಲ್ಲು ಬೆಳೆಸುವುದು, ಕತ್ತರಿಸುವುದು, ನೀರುಣಿಸುವುದು, ಅದರ ಮೇಲೆ ಕಾಲಿಟ್ಟವರನ್ನು ಬೈಯುವುದು. ನನ್ನದು ರೇಂಜ್. ಆಡಲು ಬರುವವರು ಮೊದಲು ಒಂದು ಕಡೆ ನಿಂತು ಬುಟ್ಟಿಗಟ್ಟಲೆ ಚೆಂಡು ಹೊಡೆದು ಕೈ ಪಳಗಿಸಿಕೊಳ್ಳುತ್ತಾರಲ್ಲ, ಆ ಜಾಗ. ಅಲ್ಲಿ ನಿಲ್ಲಲು ಹುಲ್ಲಿಲ್ಲ, ಹನ್ನೆರಡು ಪ್ಲಾಸ್ಟಿಕ್ ಹುಲ್ಲಿನ ಮ್ಯಾಟುಗಳಿವೆ. ಚೆಂಡು ಆರಿಸಿ ತೊಳೆಯುವುದು, ಹರಿದ ಮ್ಯಾಟಿಗೆ ತೇಪೆ ಹಾಕುವುದು, ಸವೆದದ್ದನ್ನು ಬದಲಿಸುವುದು ನನ್ನ ಪಾಲು. ಅದಕ್ಕೇ ಭಾವ ನನ್ನನ್ನು ಮ್ಯಾಟಪ್ಪ ಎಂದು ಕರೆಯುತ್ತಾನೆ.

ಶೆಡ್ಡೇನು ಅರಮನೆಯಲ್ಲ. ಏಳು ಹೆಜ್ಜೆ ಉದ್ದ, ಐದು ಹೆಜ್ಜೆ ಅಗಲ. ಪೂರ್ವಕ್ಕೊಂದು ಕಿಟಕಿ, ಕಿಟಕಿಯ ಕೆಳಗೆ ನಾನೇ ಮಾಡಿಕೊಂಡ ಬೆಂಚು, ಗೋಡೆ ತುಂಬ ಮೊಳೆ, ಮೊಳೆಗಳಲ್ಲಿ ಕತ್ತರಿ, ಚಾಕು, ಹಗ್ಗ. ಒಂದು ಕೆಟಲ್. ಹದಿನೆಂಟು ವರ್ಷದಿಂದ ಅಲ್ಲಿದ್ದೇನೆ. ಮನೆಯಲ್ಲಿ ನಾನು ಇಟ್ಟ ಕನ್ನಡಕ ಕೂಡ ಇಟ್ಟ ಜಾಗದಲ್ಲಿರುವುದಿಲ್ಲ. ಶೆಡ್ಡಿನಲ್ಲಿ ಅಂಟಿನ ಡಬ್ಬಿ ಹದಿನೆಂಟು ವರ್ಷದಿಂದ ಒಂದೇ ಕಡೆ ಕೂತಿದೆ. ಅದರ ಬೆಲೆ ಗೊತ್ತಿರುವವರಿಗೆ ಗೊತ್ತು.

ಈ ವರ್ಷ ಭಾವನ ಹಟಕ್ಕೆ ನೆಪವೂ ಸಿಕ್ಕಿತು. ಕೂತು ಓಡಿಸುವ, ಹುಲ್ಲು ಕತ್ತರಿಸುವ ಹೊಸ ಯಂತ್ರ ಬಂತು. ಅದನ್ನು ಟಾರ್ಪಾಲಿನ ಕೆಳಗೆ ನಿಲ್ಲಿಸಿ, ದಿನಕ್ಕೆ ಎರಡು ಸಲ ಟಾರ್ಪಾಲು ಎತ್ತಿ ಇಣುಕಿ ನೋಡಿ ನಿಟ್ಟುಸಿರು ಬಿಡುತ್ತಿದ್ದ. ಕೊನೆಗೆ ಮ್ಯಾನೇಜರ್ ಹತ್ತಿರ ಹೋಗಿ, ಆ ಶೆಡ್ಡು ಯಂತ್ರಕ್ಕೆ ಸರಿಹೋಗುತ್ತದೆ, ಮ್ಯಾಟುಗಳು ಆಫೀಸಿನ ಮೆಟ್ಟಿಲ ಕೆಳಗೆ ಇದ್ದರೂ ನಡೆಯುತ್ತದೆ ಎಂದ. ನಾನು ಅಲ್ಲೇ ಇದ್ದೆ.

"ನಿನ್ನ ಯಂತ್ರಾನೇ ಮೆಟ್ಟಿಲ ಕೆಳಗೆ ತೂರಿಸ್ಕೋ. ಆಗದಿದ್ರೆ ನಿನ್ನ ಮಂಚದ ಕೆಳಗೆ ಇಟ್ಕೋ," ಎಂದೆ.

"ನೋಡಿ ಸಾರ್, ಹೀಗೆ ಮಾತಾಡ್ತಾನೆ. ತಂಗಿ ಕೊಟ್ಟ ತಪ್ಪಿಗೆ ಇಷ್ಟು ವರ್ಷ ಕೇಳಿಸ್ಕೊಂಡಿದ್ದೀನಿ."

"ತಂಗಿ ಕೊಟ್ಟವನು ಶೆಡ್ಡು ಯಾಕೆ ಕೇಳ್ತೀಯ?"

ಮ್ಯಾನೇಜರ್ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು. "ನಿಮ್ಮಿಬ್ರ ಮನೆ ಜಗಳ ಪ್ರತಿ ಸೋಮವಾರ ನನ್ನ ಮೇಜಿನ ಮೇಲೆ ಯಾಕ್ರೀ ಬಂದು ಬೀಳುತ್ತೆ? ಕೆಲಸಗಾರರ ದಿನ ಬರ್ತಿದೆ. ಅವತ್ತೇ ತೀರ್ಮಾನ ಆಗ್ಲಿ. ಯಾರ ಚೆಂಡು ಕುಳಿಯಲ್ಲಿ ನೆಟ್ಟ ಬಾವುಟಕ್ಕೆ ಹತ್ತಿರ ಬೀಳುತ್ತೋ ಶೆಡ್ಡು ಅವರದು. ಆಮೇಲೆ ಇಬ್ರಲ್ಲಿ ಯಾರೂ ತುಟಿ ಬಿಚ್ಚೋ ಹಾಗಿಲ್ಲ. ಬರ್ದು ಸಹಿ ಹಾಕಿ."

ವರ್ಷಕ್ಕೊಂದು ದಿನ ಮೈದಾನ ನಮ್ಮದು. ಅಡುಗೆಯವರು, ಗೇಟಿನವರು, ಹುಲ್ಲಿನವರು, ನಾನು, ಎಲ್ಲರಿಗೂ ಒಂದೊಂದೇ ಚೆಂಡು, ಎಲ್ಲರಿಗೂ ಅದೇ ಏಳನೇ ನಂಬರಿನ ಕೋಲು. ಒಂದೇ ಏಟು. ಹೋದ ಎರಡು ವರ್ಷವೂ ಭಾವನೇ ಗೆದ್ದಿದ್ದ. ನನ್ನ ಚೆಂಡು ಒಂದು ಸಲ ನೀರಿನ ಟ್ಯಾಂಕಿಗೆ ಬಡಿದಿತ್ತು, ಇನ್ನೊಂದು ಸಲ ಎಲ್ಲಿಗೆ ಹೋಯಿತೆಂದು ಇಂದಿಗೂ ಗೊತ್ತಿಲ್ಲ. ಇದೆಲ್ಲ ನೆನಪಿದ್ದೂ, ಭಾವ ನಗುನಗುತ್ತ ಸಹಿ ಹಾಕಿದ್ದನ್ನು ಕಂಡು ರಕ್ತ ಕುದಿದು, ಪೆನ್ನು ಕಿತ್ತುಕೊಂಡು ನಾನೂ ಸಹಿ ಹಾಕಿದೆ.

ಮನೆಗೆ ಹೋಗಿ ಹೇಳಿದೆ. ನನ್ನ ಹೆಂಡತಿ ಹೊಲಿಗೆ ಕಲಿಸುತ್ತಾಳೆ. ಮುಂದಿನ ಕೋಣೆಯಲ್ಲಿ ನಾಲ್ಕು ಮೆಷಿನು, ನೆಲದ ತುಂಬ ಬಟ್ಟೆಯ ಚೂರು.

"ಓದದೆ ಸಹಿ ಹಾಕಿದ್ರಾ?" ಎಂದಳು.

"ಓದೇ ಹಾಕ್ದೆ."

"ಹಾಗಾದ್ರೆ ನಾನು ಅಂದ್ಕೊಂಡಿದ್ದಕ್ಕಿಂತ ದೊಡ್ಡ ದಡ್ಡರು ನೀವು." ಹಲ್ಲಿನಲ್ಲಿ ಕಚ್ಚಿದ್ದ ದಾರ ತುಂಡು ಮಾಡಿ ಕೆಲಸ ಮುಂದುವರಿಸಿದಳು.

ಆರು ವಾರ ಇತ್ತು. ಮರುದಿನವೇ ಶುರು ಮಾಡಿದೆ. ಸಂಜೆ ಆಟಗಾರರು ಹೋದ ಮೇಲೆ, ಬಿಸಿಲು ಇಳಿಯುವ ಮುಂಚೆ, ಇನ್ನೂರು ಚೆಂಡು. ಒಂದು ಹೊಡೆದು ಅದು ನೆಲ ಮುಟ್ಟುವುದರೊಳಗೆ ಇನ್ನೊಂದು. ಭಾವನ ಮುಖ ನೆನೆಸಿಕೊಂಡು ಹೊಡೆದರೆ ಕೈ ತಾನಾಗಿ ಜೋರಾಗುತ್ತಿತ್ತು. ನಾಲ್ಕನೇ ದಿನಕ್ಕೆ ಅಂಗೈಯಲ್ಲಿ ಬೊಬ್ಬೆ ಎದ್ದವು. ಹತ್ತನೇ ದಿನಕ್ಕೆ ಬೊಬ್ಬೆ ಒಡೆದು ಗಟ್ಟಿಯಾದವು. ಚೆಂಡುಗಳು ಹಾರತೊಡಗಿದವು ನೋಡಿ! ಇನ್ನೂರರಲ್ಲಿ ನೂರೈವತ್ತು ನೆಟ್ಟಗೆ. ಎರಡು ವಾರವಾಗುವಷ್ಟರಲ್ಲಿ ನಾನು ಊಟದ ಮನೆಯಲ್ಲಿ ಎದೆ ಉಬ್ಬಿಸಿ ನಡೆಯತೊಡಗಿದ್ದೆ. ಗೇಟಿನವನಿಗೆ ಕೋಲು ಹಿಡಿಯುವುದು ಹೇಗೆಂದು ಚಮಚದಲ್ಲಿ ತೋರಿಸಿಯೂ ಕೊಟ್ಟೆ.

ಒಂದು ಭಾನುವಾರ ಹೆಂಡತಿ ಬುತ್ತಿ ತಂದಳು. ಕೂರಿಸಿ ಹತ್ತು ಚೆಂಡು ಹೊಡೆದು ತೋರಿಸಿದೆ. ಎಂಟು ಹಾರಿದವು.

"ಚೆನ್ನಾಗಿದೆ. ಅವತ್ತು ನೀವು ಈ ಮ್ಯಾಟು ಹೊತ್ಕೊಂಡು ಹೋಗ್ತೀರಾ?" ಎಂದಳು.

"ಮ್ಯಾಟು ಯಾಕೆ? ಹುಲ್ಲಿನ ಮೇಲೆ ಆಡೋದು."

"ಹಾಗಾದ್ರೆ ಹುಲ್ಲಿನ ಮೇಲೆ ತೋರ್ಸಿ."

ಶೆಡ್ಡಿನ ಪಕ್ಕ ಎರಡು ಮಾರು ಹುಲ್ಲಿದೆ. ಚೆಂಡಿಟ್ಟು ಬೀಸಿದೆ. ಕೋಲು ಚೆಂಡಿಗಿಂತ ಒಂದು ಗೇಣು ಹಿಂದೆ ನೆಲಕ್ಕೆ ಗುದ್ದಲಿಯಂತೆ ಹೊಕ್ಕಿತು. ಮೊಣಕೈವರೆಗೆ ಜುಮ್ಮೆಂದಿತು. ತಟ್ಟೆಯಗಲದ ಹುಲ್ಲಿನ ಹೆಂಟೆ ಎದ್ದು ಹಾರಿತು. ಚೆಂಡು ಎರಡು ಗೇಣು ಉರುಳಿ ನಿಂತಿತು.

ಹೆಂಡತಿ ಗೋಡೆ ಹಿಡಿದುಕೊಂಡು ನಕ್ಕಳು. ನಕ್ಕು ನಕ್ಕು ಅಲ್ಲೇ ಕೂತಳು. "ರೀ, ಚೆಂಡು ಇಲ್ಲೇ ಇದೆ. ಹೋಗಿದ್ದು ಅಣ್ಣನ ಹುಲ್ಲು!"

ಇನ್ನೊಂದು ಹೊಡೆದೆ. ಇನ್ನೊಂದು ಹೆಂಟೆ. ಮೂರನೆಯ ಹೆಂಟೆ ಎದ್ದದ್ದೇ ಕೋಲು ಎಸೆದೆ, ಅದು ಚೆಂಡಿಗಿಂತ ದೂರ ಹೋಯಿತು.

ಆಮೇಲೆ ಮ್ಯಾಟಿನ ಹತ್ತಿರ ಹೋಗಿ ಕುಕ್ಕರುಗಾಲಲ್ಲಿ ಕೂತು ನೋಡಿದೆ. ನೋಡಿ ನನ್ನ ಕೆನ್ನೆಗೆ ನಾನೇ ಬಾರಿಸಿಕೊಳ್ಳಬೇಕು ಅನ್ನಿಸಿತು. ಮ್ಯಾಟಿನ ಸವೆತ ನೋಡಿಯೇ ಹೊಡೆದವನು ಎಂಥವನೆಂದು ಹೇಳುವವನು ನಾನು. ಕೋಲು ಮೊದಲು ಚೆಂಡಿಗೆ ತಗಲಿ ಆಮೇಲೆ ನೆಲ ಮುಟ್ಟಬೇಕು. ಚೆಂಡಿನ ಮುಂದೆ ಸವೆದಿದ್ದರೆ ಅವನಿಗೆ ಆಟ ಬರುತ್ತದೆ, ಹಿಂದೆ ಸವೆದಿದ್ದರೆ ಅವನು ನೆಲ ಅಗೆಯುವವನು. ಹದಿನೆಂಟು ವರ್ಷದಲ್ಲಿ ನೂರಾರು ಜನರನ್ನು ಹೀಗೆ ನೋಡಿ ಒಳಗೊಳಗೇ ನಕ್ಕಿದ್ದೇನೆ. ಈಗ ನನ್ನ ಮ್ಯಾಟಿನಲ್ಲಿ ಚೆಂಡಿನ ಹಿಂದೆ ಒಂದು ಗೇಣು ಜಾಗದಲ್ಲಿ ಪ್ಲಾಸ್ಟಿಕ್ ಹುಲ್ಲು ಬೋಳಾಗಿತ್ತು. ಎರಡು ವಾರ ಅದರ ಮೇಲೇ ನಿಂತಿದ್ದೆ, ಒಮ್ಮೆಯೂ ಕೆಳಗೆ ನೋಡಿರಲಿಲ್ಲ.

ಚೆಂಡು ಹಾರಿದ್ದು ಹೇಗೆ ಅಂತೀರಾ? ಜನರ ಮಣಿಕಟ್ಟು ನೋಯಬಾರದೆಂದು ಎಲ್ಲ ಮ್ಯಾಟುಗಳ ಕೆಳಗೆ ನಾನೇ ಸ್ಪಂಜು ಹಾಸಿದ್ದೆ. ಕೋಲು ಹಿಂದೆ ಬಿದ್ದರೂ ಸ್ಪಂಜಿನ ಮೇಲೆ ಜಾರಿ ಚೆಂಡಿಗೆ ಹೋಗಿ ತಗಲುತ್ತದೆ. ಹೊಡೆದವನಿಗೆ ತಪ್ಪು ಗೊತ್ತೇ ಆಗುವುದಿಲ್ಲ, ಖುಷಿಯಾಗಿ ಮನೆಗೆ ಹೋಗುತ್ತಾನೆ. ಊರವರಿಗೆಲ್ಲ ಹಾಸಿದ ಸುಳ್ಳಿನ ಮೇಲೆ ನಾನೇ ಜಾರಿ ಬಿದ್ದಿದ್ದೆ.

"ಶೆಡ್ಡು ಹೋಯ್ತು ಕಣೆ," ಎಂದೆ.

ಹೆಂಡತಿ ನಗು ನಿಲ್ಲಿಸಿದಳು. ಅವಳು ನನ್ನನ್ನು ಎಷ್ಟು ಬೇಕಾದರೂ ಆಡಿಕೊಳ್ಳುತ್ತಾಳೆ, ಆದರೆ ನನ್ನ ದನಿ ಇಳಿದರೆ ಸಹಿಸುವುದಿಲ್ಲ. "ಹೊಸಬರು ಹೊಲಿಗೆ ಕಲಿಯೋಕೆ ಬಂದ್ರೆ ಮೊದಲ ದಿನ ಏನು ಕೊಡ್ತೀನಿ ಹೇಳಿ."

"ಬಟ್ಟೆ."

"ಬಟ್ಟೆಯಂತೆ! ಗೆರೆ ಇರೋ ಕಾಗದ. ಸೂಜಿಗೆ ದಾರ ಹಾಕೋಲ್ಲ. ಗೆರೆ ಮೇಲೆ ಮೆಷಿನ್ ಓಡಿಸಿ ಅಂತೀನಿ. ಕಾಗದದಲ್ಲಿ ತೂತು ಬೀಳುತ್ತೆ. ಎಲ್ಲಿ ಗೆರೆ ಬಿಟ್ಟು ಹೋಗಿದೆ ಅಂತ ಕಾಗದವೇ ಹೇಳುತ್ತೆ, ನಾನು ಬಾಯಿ ಬಿಡೋದೇ ಬೇಡ. ಬಟ್ಟೆ ಎಳೆದ್ರೆ ಎಷ್ಟಾದ್ರೂ ಎಳೆಸ್ಕೊಳ್ಳುತ್ತೆ, ತಪ್ಪು ಮುಚ್ಕೊಳ್ಳುತ್ತೆ. ಕಾಗದ ಮುಚ್ಕೊಳ್ಳೋಲ್ಲ. ನಿಮ್ಗೂ ಒಂದು ಕಾಗದ ಬೇಕು."

"ಹುಲ್ಲೇ ಕಾಗದ ಅಂತೀಯಾ? ನಿಮ್ಮಣ್ಣ ಒಂದು ಎಸಳು ಕಿತ್ರೂ ಕೊರಳಪಟ್ಟಿ ಹಿಡೀತಾನೆ. ಈಗ ತೆಗೆದ ಮೂರು ಗುಂಡಿಗೇ ಏನು ಹೇಳೋದು?"

"ಅದು ನನಗೆ ಬಿಡಿ."

ಶೆಡ್ಡಿನ ಹತ್ತಿರವೇ, ಪಂಪಿನ ಮನೆಯ ಹಿಂದೆ ಭಾವನ ಕಸದ ರಾಶಿಯಿದೆ. ಹಳೆಯ ಹುಲ್ಲನ್ನು ಮಣ್ಣಿನ ಸಮೇತ ಪಟ್ಟಿ ಪಟ್ಟಿಯಾಗಿ ಕೆತ್ತಿ, ಚಾಪೆಯಂತೆ ಸುತ್ತಿ, ಕೊಳೆಯಲೆಂದು ಅಲ್ಲಿ ಒಟ್ಟಿರುತ್ತಾನೆ. ಮರುದಿನ ಹೆಂಡತಿ ಅಲ್ಲಿಗೆ ಹೋದಳು. ನಾನು ಕಿಟಕಿಯಿಂದ ಕೇಳಿಸಿಕೊಳ್ಳುತ್ತಿದ್ದೆ.

"ಅಣ್ಣ, ಇದರಲ್ಲಿ ಹತ್ತು ಸುರುಳಿ ಕೊಡೋ."

"ಬಿಸಾಕಿರೋದು ಕಣಮ್ಮ. ಏನ್ಮಾಡ್ತೀಯ?"

"ಕಲಿಸೋಕೆ ಬೇಕು."

"ಹೊಲಿಗೆನಾ? ಹುಲ್ಲಿನ ಮೇಲೆ?"

"ಒಬ್ಬ ಶಿಷ್ಯ ಇದ್ದಾನೆ. ಕಾಗದ ಕೊಟ್ರೆ ತಲೆಗೆ ಹತ್ತೋಲ್ಲ. ವಯಸ್ಸೂ ಆಗಿದೆ, ಸಿಟ್ಟು ಬೇರೆ ಜಾಸ್ತಿ."

"ಪಾಪ," ಎಂದ ಭಾವ. ಅಷ್ಟೇ ಅಲ್ಲ, ಹತ್ತು ಸುರುಳಿಯನ್ನೂ ತನ್ನ ಗಾಡಿಗೆ ಹೇರಿ, ತಾನೇ ತಳ್ಳಿಕೊಂಡು ಬಂದು ಶೆಡ್ಡಿನ ಹಿಂದೆ ಇಳಿಸಿದ. "ನಿನ್ನ ಗಂಡನ ಕೈಲಿ ಮನೆಗೆ ಹೊರಿಸು. ಇನ್ನೊಂದು ತಿಂಗಳಿಗೆ ಈ ಜಾಗ ನನ್ನದಾಗುತ್ತೆ, ಆಮೇಲೆ ಇಲ್ಲಿ ಕಸ ಇಡೋ ಹಾಗಿಲ್ಲ," ಎಂದು ಕೈ ಒರೆಸಿಕೊಂಡು ಹೋದ. ಹೊರಗೆ ಹೋಗಿ ನಾಲ್ಕು ಮಾತು ಅನ್ನಬೇಕೆಂದು ಎದ್ದೆ. ಹೆಂಡತಿ ಕಿಟಕಿಯಿಂದಲೇ ಕಣ್ಣು ಬಿಟ್ಟಳು. ಕೂತೆ.

ಸುರುಳಿ ಬಿಚ್ಚಿ ಶೆಡ್ಡಿನ ಹಿಂದೆ ಹಾಸಿದೆವು. ಅವಳು ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣ ತಂದು ಹುಲ್ಲಿನ ಮೇಲೆ ಅಡ್ಡಗೆರೆ ಎಳೆದಳು. ಅಲ್ಲಿಯೇ ಕಟ್ಟಳೆ ಹೇಳಿದಳು. ಚೆಂಡಿಲ್ಲ. ಗೆರೆಯ ಮೇಲೆ ಚೆಂಡಿದೆ ಅಂದುಕೊಂಡು ಬೀಸುವುದು. ಬೀಸಿದ ಮೇಲೆ ಬಗ್ಗಿ ಹುಲ್ಲಿಗಾದ ಗಾಯ ನೋಡುವುದು. ಗೆರೆಯ ಮುಂದೆ ಶುರುವಾಗಿದ್ದರೆ ಸರಿ, ಹಿಂದೆ ಶುರುವಾಗಿದ್ದರೆ ತಪ್ಪು. ನೋಡದೆ ಇನ್ನೊಂದು ಬೀಸುವ ಹಾಗಿಲ್ಲ. ದಿನಕ್ಕೆ ಹತ್ತು ಮಾತ್ರ.

"ಹತ್ತರಲ್ಲಿ ಏನು ಬರುತ್ತೆ? ನಾನು ಇನ್ನೂರು ಹೊಡೀತಿದ್ದವನು!"

"ಇನ್ನೂರು ಸಲ ತಪ್ಪು ಮಾಡೋದನ್ನ ಚೆನ್ನಾಗಿ ರೂಢಿ ಮಾಡ್ಕೊಂಡ್ರಿ. ಆಮೇಲೆ ಇನ್ನೊಂದು. ಸಿಟ್ಟು ಬಂದ್ರೆ ಕೋಲು ಕೆಳಗಿಡಿ, ಶೆಡ್ಡಿಗೆ ಒಂದು ಸುತ್ತು ಹಾಕ್ಕೊಂಡು ಬಂದು ಎತ್ಕೊಳ್ಳಿ."

ಮೊದಲ ವಾರ ನಾನು ಬೀಸಿದ್ದಕ್ಕಿಂತ ಶೆಡ್ಡು ಸುತ್ತಿದ್ದೇ ಹೆಚ್ಚು. ಹತ್ತಕ್ಕೆ ಹತ್ತೂ ಗೆರೆಯ ಹಿಂದೆ. ಶೆಡ್ಡಿನ ಸುತ್ತ ಕಾಲುಹಾದಿ ಬಿತ್ತು. ಬೆಳಿಗ್ಗೆ ಆರಕ್ಕೆ ಶುರು ಮಾಡಿದರೆ ಹತ್ತು ಮುಗಿಸುವಷ್ಟರಲ್ಲಿ ಏಳಾಗುತ್ತಿತ್ತು. ಹೆಂಡತಿ ಕೆಲವು ದಿನ ಬಂದು ಶೆಡ್ಡಿನ ಗೋಡೆಗೆ ಒರಗಿ ಕೂತು ಟೀ ಕುಡಿಯುತ್ತ ನೋಡುತ್ತಿದ್ದಳು. ನನಗೆ ಅವಳ ಟೀ ಹೀರುವ ಸದ್ದು ಕೇಳಿದರೂ ಸಿಟ್ಟು ಬರುತ್ತಿತ್ತು. ಮತ್ತೊಂದು ಸುತ್ತು.

ಎಂಟನೇ ದಿನ ಅವಳು ಕಪ್ಪು ಕೆಳಗಿಟ್ಟಳು. "ನೀವು ಹಿಂದಕ್ಕೆ ವಾಲ್ತೀರಿ."

"ಇಲ್ಲ."

"ಚೆಂಡಿನ ಗಾಡಿ ಎಳೀತೀರಲ್ಲ, ಹಾಗೇ ನಿಲ್ತೀರಿ. ಮೈಭಾರ ಎಲ್ಲ ಹಿಂದಿನ ಕಾಲಿಗೆ. ಬೀಸಿ ಮುಗಿದ ಮೇಲೆ ಹಿಂದಿನ ಕಾಲು ಎತ್ತಿ ನಿಲ್ಲಿ ನೋಡೋಣ."

ಬೀಸಿದೆ, ಕಾಲು ಎತ್ತಿದೆ, ದಬಾರನೆ ಹಿಂದಕ್ಕೆ ಬಿದ್ದೆ. ಎದ್ದು ಶೆಡ್ಡು ಸುತ್ತಿ ಬಂದೆ. ಬೀಸಿದೆ, ಕಾಲು ಎತ್ತಿದೆ, ಬಿದ್ದೆ. ಆದರೆ ಮಾತು ನಿಜವಾಗಿತ್ತು. ಹದಿನೆಂಟು ವರ್ಷ ಗಾಡಿ ಎಳೆದ ಮೈ ಹಿಂದಕ್ಕೇ ಒರಗುತ್ತಿತ್ತು. ಬೀಸುವಾಗ ಭಾರವನ್ನು ಮುಂದಿನ ಕಾಲಿಗೆ ತರಬೇಕು. ಹೇಳಲು ಒಂದು ಸಾಲು, ಮಾಡಲು ಇನ್ನೂ ಒಂದು ವಾರ. ಹದಿನೈದನೇ ದಿನ ಬೀಸಿ, ಕಾಲೆತ್ತಿ, ಕೊಕ್ಕರೆಯ ಹಾಗೆ ನಿಂತೇ ಕೆಳಗೆ ನೋಡಿದೆ. ಗಾಯ ಗೆರೆಯ ಮುಂದೆ ಇತ್ತು. ಎರಡು ಬೆರಳಗಲ ಮುಂದೆ. ಅಲ್ಲಾಡದೆ ಹಾಗೇ ನಿಂತು ಹೆಂಡತಿಯನ್ನು ಕೂಗಿದೆ.

ಅವಳು ಬಂದು ಬಗ್ಗಿ ನೋಡಿದಳು. "ಒಂದಾಯ್ತು. ಇನ್ನು ಒಂಬತ್ತು," ಎಂದಳು. ಮುಖದಲ್ಲಿ ನಗು ಇತ್ತು, ನನಗೆ ಕಾಣದ ಹಾಗೆ ತಿರುಗಿಕೊಂಡಳು.

ಕೊನೆಯ ವಾರ ಚೆಂಡಿಟ್ಟೆ. ಅಷ್ಟು ಹೊತ್ತಿಗೆ ಹತ್ತರಲ್ಲಿ ಆರು ಸರಿಯಾಗುತ್ತಿದ್ದವು. ಹತ್ತಕ್ಕೆ ಹತ್ತು ಅಂತ ಬರೆದರೆ ಸುಳ್ಳು. ಆರು. ನಾಲ್ಕು ಕೆಡುತ್ತಿದ್ದವು. ಅವತ್ತು ನನಗಿರುವುದು ಒಂದೇ ಏಟು, ಅದು ಆರರಲ್ಲಿ ಒಂದೋ ನಾಲ್ಕರಲ್ಲಿ ಒಂದೋ ಯಾರಿಗೆ ಗೊತ್ತು?

ಭಾವ ಅಭ್ಯಾಸ ಮಾಡಿದ್ದನ್ನು ನಾನು ನೋಡಲೇ ಇಲ್ಲ. ಅವನ ಹೊಡೆತವೇ ಬೇರೆ. ಹುಲ್ಲಿಗೆ ಗಾಯ ಮಾಡಲು ಅವನ ಜೀವ ಒಪ್ಪುವುದಿಲ್ಲ. ಕೋಲನ್ನು ಹುಲ್ಲಿನ ತುದಿಗೆ ಸವರಿಕೊಂಡು ಹೋಗುತ್ತಾನೆ. ಅದಕ್ಕೆ ಅವನ ಚೆಂಡು ಏಳುವುದೇ ಇಲ್ಲ, ಇಲಿಯ ಹಾಗೆ ನೆಲದ ಮೇಲೇ ಓಡುತ್ತದೆ. ಅವನದೇ ಹುಲ್ಲು, ಅವನದೇ ಕತ್ತರಿ, ಚೆಂಡಿಗೆ ಹಾದಿಗೇನು ಕೊರತೆ? ಪಂದ್ಯದ ಹಿಂದಿನ ದಿನ ಮಧ್ಯಾಹ್ನ ನೋಡುತ್ತೇನೆ, ಹೊಡೆಯುವ ಜಾಗದಿಂದ ಬಾವುಟದವರೆಗೆ ನೆಟ್ಟಗೆ ಒಂದು ಪಟ್ಟಿ ಕತ್ತರಿಸಿದ್ದಾನೆ! ಮದುವೆಮನೆಯ ಜಮಖಾನೆ ಹಾಸಿದ ಹಾಗೆ. ಯಂತ್ರದ ಮೇಲೆ ಕೂತು, "ಏನು ಮ್ಯಾಟಪ್ಪಾ, ಗಂಟು ಮೂಟೆ ಕಟ್ಟಿದ್ಯಾ?" ಎಂದ.

ಬಾಯಿಗೆ ಬಂದದ್ದನ್ನು ನುಂಗಿ ಶೆಡ್ಡಿಗೆ ಎರಡು ಸುತ್ತು ಹಾಕಿದೆ.

ಮರುದಿನ ಹತ್ತು ಗಂಟೆಗೆ ಎಲ್ಲರೂ ಸೇರಿದರು. ಬೇರೆಯವರ ಏಟುಗಳು ಮುಗಿದವು. ಅಡುಗೆಯವರ ಚೆಂಡು ಮರಕ್ಕೆ, ಗೇಟಿನವನದು ಮರಳಿನ ಗುಂಡಿಗೆ. ಕೊನೆಗೆ ನಾವಿಬ್ಬರು. ಹೋದ ವರ್ಷ ಗೆದ್ದವನು ಮೊದಲು ಎಂದರು ಮ್ಯಾನೇಜರ್.

ಭಾವ ಚೆಂಡಿಟ್ಟ. ಇಡುವಾಗ ಅಡ್ಡ ಬಂದ ಒಂದು ಎಸಳನ್ನು ಬೆರಳಿನಿಂದ ಮೆಲ್ಲಗೆ ಸರಿಸಿದ. ಸವರಿದ. ಚೆಂಡು ಹೊರಟಿತು ನೋಡಿ, ಹಾಸಿದ ಪಟ್ಟಿಯ ನಟ್ಟನಡುವೆ, ಬಾಣದ ಹಾಗೆ. ಇಳಿಜಾರು ದಾಟಿತು, ಬಾವುಟದ ಸುತ್ತಲಿನ ನುಣ್ಣನೆಯ ಹುಲ್ಲು ಹತ್ತಿತು, ಬಾವುಟಕ್ಕೆ ಒಂದು ಮಾರು ದೂರದಲ್ಲಿ ಹಾಯಿತು. ಶೆಡ್ಡಿನ ಕಿಟಕಿಯಲ್ಲಿ ಅವನ ಯಂತ್ರದ ಮೂತಿ ಕಂಡ ಹಾಗಾಯಿತು.

ಆದರೆ ಚೆಂಡು ನಿಲ್ಲಲಿಲ್ಲ.

"ನಿಲ್ಲು," ಎಂದ ಭಾವ. ಚೆಂಡು ಹೋಗುತ್ತಲೇ ಇತ್ತು. "ನಿಲ್ಲೇ! ನಿಂತ್ಕೋ ಅಂದ್ರೆ!" ಎಂದು ಎರಡು ಹೆಜ್ಜೆ ಓಡಿದ. ಅವನು ಅಷ್ಟು ಮುತುವರ್ಜಿಯಿಂದ ಬೋಳಿಸಿದ ಹುಲ್ಲಿನ ಮೇಲೆ ಚೆಂಡಿಗೆ ನಿಲ್ಲಲು ಹಿಡಿತವೇ ಇರಲಿಲ್ಲ. ಬಾವುಟ ದಾಟಿ ಒಂಬತ್ತು ಹೆಜ್ಜೆ ಆಚೆ ಹೋಗಿ ನಿಂತಿತು. ಆದರೂ ಅಲ್ಲಿಯವರೆಗೆ ಹತ್ತಿರದ ಚೆಂಡು ಅದೇ.

ನಾನು ಚೆಂಡಿಟ್ಟೆ. ಕೋಲು ಹಿಡಿದೆ. ಹಿಂದಿನಿಂದ ಭಾವನ ದನಿ ಬಂತು. "ನೋಡ್ಕೊಂಡು ಹೊಡಿಯಪ್ಪಾ ಮ್ಯಾಟಪ್ಪ, ಕೆಳಗೆ ಸ್ಪಂಜಿಲ್ಲ."

ಎಲ್ಲರೂ ನಕ್ಕರು. ಕಿವಿ ಕಾದವು. ಕೈ ಕೋಲನ್ನು ಹಿಂಡಿತು. ಈಗ ಬೀಸಿದರೆ ಪಾತಾಳಕ್ಕೆ ಹೋಗುವ ಗುಂಡಿ ಬೀಳುತ್ತದೆ ಎಂದು ಗೊತ್ತಾಯಿತು. ಕೋಲು ಕೆಳಗಿಟ್ಟೆ.

"ಬಿಟ್ಟುಕೊಟ್ಟ!" ಎಂದ ಗೇಟಿನವನು.

ಸುತ್ತಲು ಅಲ್ಲಿ ಶೆಡ್ಡಿರಲಿಲ್ಲ. ಮ್ಯಾನೇಜರ್ ಇದ್ದರು. ಅವರಿಗೇ ಒಂದು ಸುತ್ತು ಹಾಕಿದೆ.

"ಏನ್ರೀ ಇದು?" ಎಂದು ಅವರೂ ನನ್ನ ಜೊತೆ ತಿರುಗಿದರು.

"ಏನಿಲ್ಲ ಸಾರ್. ನೀವು ಅಲ್ಲಾಡಬೇಡಿ." ಇನ್ನೂ ಸ್ವಲ್ಪ ಬಿಸಿ ಉಳಿದಿತ್ತು, ಎರಡನೇ ಸುತ್ತೂ ಹಾಕಿದೆ. ಜನರ ಮಧ್ಯೆ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

ವಾಪಸು ಬಂದು ಕೋಲೆತ್ತಿಕೊಂಡೆ. ಹುಲ್ಲಿನ ಮೇಲೆ ಬಿಳಿಗೆರೆ ಇದೆ ಅಂದುಕೊಂಡೆ. ಇದು ಹತ್ತರಲ್ಲಿ ಒಂದು, ಆಮೇಲೆ ಬಗ್ಗಿ ಗಾಯ ನೋಡಬೇಕು, ಅಷ್ಟೇ ಅಂದುಕೊಂಡೆ. ಬೀಸಿದೆ. ಹಿಂದಿನ ಕಾಲು ಎತ್ತಿ ನಿಂತೆ.

ಮೊದಲು ಚೆಂಡಿನ ಸದ್ದು, ಆಮೇಲೆ ಮಣ್ಣಿನ ಸದ್ದು. ಚೆಂಡು ಎದ್ದಿತು. ಮೇಲೆ ಹೋಗಿ, ಯೋಚನೆ ಮಾಡಿ ಇಳಿದ ಹಾಗೆ ಇಳಿದು, ಒಂದು ಸಲ ಪುಟಿದು ಕೂತಿತು. ಜನ ಕೂಗಿಕೊಂಡು ಬಾವುಟದ ಕಡೆ ಓಡಿದರು. ನಾನು ಒಂಟಿ ಕಾಲಲ್ಲೇ ನಿಂತಿದ್ದೆ. ಓಡದೆ ಉಳಿದವನು ಇನ್ನೊಬ್ಬನೇ. ಭಾವ.

ಅವನು ಚೆಂಡಿನ ಕಡೆ ನೋಡಿರಲೇ ಇಲ್ಲ. ಹಾರಿಬಿದ್ದ ಹುಲ್ಲಿನ ಹೆಂಟೆಯನ್ನು ಎತ್ತಿಕೊಂಡು ಬಂದು, ಗಾಯದ ಮೇಲೆ ಕೂರಿಸಿ, ಅಂಗೈಯಿಂದ ಒತ್ತಲು ಹೊರಟವನು ತಡೆದ. ಹೆಂಟೆ ಪಕ್ಕಕ್ಕಿಟ್ಟು ಗಾಯವನ್ನೇ ನೋಡಿದ.

"ಚೆಂಡಿನ ಮುಂದೆ ಶುರುವಾಗಿದೆ," ಎಂದ.

"ಹೂಂ."

"ತೆಳ್ಳಗೆ ಎದ್ದಿದೆ. ಬೇರು ಹರಿದಿಲ್ಲ. ಮತ್ತೆ ಹತ್ಕೊಳ್ಳುತ್ತೆ ಇದು." ತಲೆ ಎತ್ತಿದ. "ಎಲ್ಲಿ ಕಲಿತೆ?"

"ನೀನು ತಳ್ಕೊಂಡು ಬಂದು ಇಳಿಸಿದ ಹುಲ್ಲಿನ ಮೇಲೆ."

ಭಾವನ ಬಾಯಿ ತೆರೆದುಕೊಂಡಿತು. ತಿರುಗಿ ತಂಗಿಯನ್ನು ಹುಡುಕಿದ. ಅವಳು ಆಗಲೇ ಟೀ ಮೇಜಿನ ಹಿಂದೆ ಸೇರಿದ್ದಳು.

ಮ್ಯಾನೇಜರ್ ಹೆಜ್ಜೆ ಅಳೆದು ನಾಲ್ಕೂವರೆ ಎಂದು ಕೂಗಿದರು. ಶೆಡ್ಡು ನನ್ನದಾಗಿಯೇ ಉಳಿಯಿತು.

ಮರುದಿನ ಬೆಳಿಗ್ಗೆ ಆರಕ್ಕೆ ನಾನು ಕೆಟಲ್ ಇಡುವಾಗ ಬಾಗಿಲಲ್ಲಿ ನೆರಳು ಬಿತ್ತು. ಭಾವ. ಕೈಯಲ್ಲಿ ಕೋಲು.

"ಆ ಬಿಸಾಕಿದ ಹುಲ್ಲು ಇನ್ನೂ ಇದೆಯಾ?"

"ಇದೆ. ಸೀಮೆಸುಣ್ಣ ಬೆಂಚಿನ ಮೇಲಿದೆ. ಹತ್ತೇ ಏಟು, ಪ್ರತಿ ಏಟಿಗೂ ಬಗ್ಗಿ ನೋಡಬೇಕು. ಸಿಟ್ಟು ಬಂದ್ರೆ ಕೋಲು ಕೆಳಗಿಟ್ಟು ಶೆಡ್ಡು ಸುತ್ತಬೇಕು."

"ನನಗೆ ನಿನ್ನ ಹಾಗೆ ಸಿಟ್ಟು ಬರೋಲ್ಲಪ್ಪ," ಎಂದು ಹಿಂದಕ್ಕೆ ಹೋದ.

ಕೇಳಿಸಿಕೊಂಡೆ. ಸೀಮೆಸುಣ್ಣ ಬೆಂಚಿನ ಮೇಲೇ ಬಿಟ್ಟಿದ್ದ. ಬೀಸಿದ ಸದ್ದು ಮೂರು ಸಲ ಬಂತು, ಮಣ್ಣಿನ ಸದ್ದು ಒಮ್ಮೆಯೂ ಇಲ್ಲ. "ಸತ್ತ ಹುಲ್ಲು ಭಾವ, ಅದಕ್ಕೆ ನೋವಾಗೋಲ್ಲ, ಹೊಡಿ!" ಎಂದು ಕೂಗಿದೆ. ಕೋಲು ನೆಲಕ್ಕಿಟ್ಟ ಸದ್ದು ಬಂತು.

ಟೀ ಸುರಿದುಕೊಂಡು ಬೆಂಚಿನ ಮೇಲೆ ಕೂತೆ. ಭಾವ ಕಿಟಕಿಯ ಮುಂದೆ ಹಾದುಹೋದ, ನನ್ನ ಕಡೆ ನೋಡದೆ. ಎರಡನೇ ಗುಟುಕು ಕುಡಿಯುವಾಗ ಮತ್ತೆ ಹಾದುಹೋದ. ಮೂರನೇ ಸುತ್ತಿಗೆ ಬರುವಷ್ಟರಲ್ಲಿ ಇನ್ನೊಂದು ಕಪ್ಪು ತೊಳೆದು, ಟೀ ಸುರಿದು, ಕಿಟಕಿಯ ಹಲಗೆಯ ಮೇಲಿಟ್ಟೆ. ತಣ್ಣಗಾದರೆ ಆಗಲಿ, ನಾನಾಗಿ ಕರೆಯುವುದಿಲ್ಲ.